ಗಾರ್ಚಾಂಪ್ ಎಂಬ ತಕರಾರು

ಪೋಕೆಮಾನ್ ಎಂಬ ವಿಡಿಯೋ ಗೇಮಿನ ಕದನದಲ್ಲಿ 100ನೇ ಲೆವೆಲ್ ತಲುಪಿದ ಗಾರ್ಚಾಂಪ್ ಎಂಬ ಜೀವಿಯ ವೇಗವನ್ನು ಸಾಧ್ಯವಿದ್ದಷ್ಟೂ ಬೆಳೆಸಿದರೆ ಅದು 333ಕ್ಕೆ ಬರುತ್ತದೆ. ಮೂಲವೇಗ (ಬೆಳೆಸುವ ಮುನ್ನ ಆ ಜಾತಿಗೇ ನಿಗದಿಯಾದ ಅಂಕ) 100 ಇರುವ ಸಲಮೆನ್ಸ್, ಜಾಪ್ಡೋಸ್, ಜಿರಾಚಿ, ಸೆಲೆಬಿಗಳನ್ನು ಅದೇ ರೀತಿ ಬೆಳೆಸಿದರೆ 328ಕ್ಕೆ ನಿಲ್ಲುತ್ತವೆ. ಅಂತರ ಬರೀ ಐದು ಅಂಕ. ಆದರೆ ಈ ಆಟದಲ್ಲಿ ವೇಗದ ಲಾಭವನ್ನು ಯಾರೂ ತೂಕ ಹಾಕಿ ಹಂಚುವುದಿಲ್ಲ. ಒಂದೇ ಅಂಕ ಹೆಚ್ಚಿದ್ದರೂ ಮೊದಲ ಏಟು ಪೂರ್ತಿಯಾಗಿ ಅದರದೇ. 2006ರಲ್ಲಿ ಡೈಮಂಡ್ ಮತ್ತು ಪರ್ಲ್ ಆಟಗಳೊಂದಿಗೆ ಬಂದ ಗಾರ್ಚಾಂಪ್‌ನ ಮೂಲವೇಗ 102. ಈ ಎರಡು ಅಂಕಗಳ ಸುತ್ತ ಬೆಳೆದ ಜಗಳ, ಸ್ಪರ್ಧಾತ್ಮಕ ಆಟದಲ್ಲಿ ‘ಸಮತೋಲನ ಕೆಡುವುದು’ ಎಂದರೆ ಏನು ಎಂಬ ಮಾತಿನ ಅರ್ಥವನ್ನೇ ಬದಲಿಸಿತು.

ಮೊದಮೊದಲು ಆ ಮಾತಿಗೆ ಅಷ್ಟು ಚರ್ಚೆ ಬೇಕಿರಲಿಲ್ಲ. 1996ರ ಮೊದಲ ಆಟಗಳಲ್ಲಿದ್ದ 151 ಜೀವಿಗಳ ನಡುವೆ ಮ್ಯೂಟೂ ಎದ್ದು ಕಾಣುತ್ತಿತ್ತು. ಆಗ ವಿಶೇಷ ದಾಳಿಗೂ ವಿಶೇಷ ರಕ್ಷಣೆಗೂ ‘ಸ್ಪೆಷಲ್’ ಎಂಬ ಒಂದೇ ಅಂಕವಿತ್ತು, ಮ್ಯೂಟೂನದು 154. ಆಮ್ನೀಸಿಯಾ ಎಂಬ ಒಂದು ಮೂವ್ (ಸರದಿಯಲ್ಲಿ ಹಾಕುವ ಪಟ್ಟು) ಬಳಸಿದರೆ ಸಾಕು, ಹೊಡೆಯುವ ಶಕ್ತಿ ಮತ್ತು ತಡೆಯುವ ಶಕ್ತಿ ಎರಡೂ ಒಮ್ಮೆಗೇ ಇಮ್ಮಡಿಯಾಗುತ್ತಿದ್ದವು. ಇದರ ಮೇಲೆ ಮ್ಯೂಟೂ ಸೇರಿದ ಸೈಕಿಕ್ ಟೈಪ್‌ಗೆ (ಯಾವ ಏಟು ಯಾರಿಗೆ ಎಷ್ಟು ತಗುಲುತ್ತದೆ ಎಂಬುದನ್ನು ನಿರ್ಧರಿಸುವ ವರ್ಗವೇ ಟೈಪ್) ಇದ್ದ ಏಕೈಕ ದೌರ್ಬಲ್ಯವೆಂದರೆ ಬಗ್ ಟೈಪ್. ಆ ಟೈಪ್‌ನ ಮೂವ್‌ಗಳೋ ಸೊಳ್ಳೆ ಕಚ್ಚಿದಂತೆ. ಘೋಸ್ಟ್ ಟೈಪ್‌ನ ಏಟು ಸೈಕಿಕ್ ಜೀವಿಗಳಿಗೆ ಜೋರಾಗಿ ತಗುಲಬೇಕಿತ್ತಾದರೂ ಪ್ರೋಗ್ರಾಮಿನಲ್ಲಾದ ತಪ್ಪಿನಿಂದಾಗಿ ತಗುಲುತ್ತಲೇ ಇರಲಿಲ್ಲ. ಆಟ ತಯಾರಿಸಿದವರು 1999ರಲ್ಲಿ ಗೋಲ್ಡ್ ಮತ್ತು ಸಿಲ್ವರ್ ಆಟಗಳಲ್ಲಿ ಸ್ಪೆಷಲ್ ಅಂಕವನ್ನು ಎರಡಾಗಿ ಒಡೆದು, ಡಾರ್ಕ್ ಮತ್ತು ಸ್ಟೀಲ್ ಎಂಬ ಹೊಸ ಟೈಪ್‌ಗಳನ್ನು ಸೇರಿಸಿದರು. ಆಟಗಾರರು ಮಾತ್ರ ಮ್ಯೂಟೂವನ್ನು ‘ಉಬರ್’ ಎಂಬ ಮೇಲಿನ ಅಟ್ಟಕ್ಕೇರಿಸಿ, ಸಾಮಾನ್ಯ ಪಂದ್ಯಗಳಿಂದ ದೂರವಿಟ್ಟರು. ಅಂಕ ನೋಡಿದರೆ ಉತ್ತರ ಸಿಗುತ್ತಿದ್ದ ಕಾಲ ಅದು.

ಆ ನಂಬಿಕೆಯನ್ನು ಮೊದಲು ಅಲುಗಾಡಿಸಿದ್ದು ವಾಬಫೆಟ್ ಎಂಬ ನೀಲಿ ಮುದ್ದೆ. ಅದರ ಆರೂ ಮೂಲ ಅಂಕಗಳನ್ನು (ಜೀವಬಲ, ದಾಳಿ, ರಕ್ಷಣೆ, ವಿಶೇಷ ದಾಳಿ, ವಿಶೇಷ ರಕ್ಷಣೆ, ವೇಗ) ಕೂಡಿದರೆ 405, ಮ್ಯೂಟೂನದು 680. ತಾನಾಗಿ ಹೊಡೆಯುವ ಒಂದೇ ಒಂದು ಮೂವ್ ಕೂಡ ಅದಕ್ಕಿಲ್ಲ. ತನಗೆ ಬಿದ್ದ ಏಟನ್ನು ದುಪ್ಪಟ್ಟಾಗಿ ತಿರುಗಿಸುವುದಷ್ಟೇ ಅದರ ಕಸುಬು. ಮೂರನೇ ತಲೆಮಾರಿನ ಆಟಗಳಲ್ಲಿ ಅದಕ್ಕೆ ಶ್ಯಾಡೋ ಟ್ಯಾಗ್ ಎಂಬ ಅಬಿಲಿಟಿ, ಎಂದರೆ ತಾನಾಗಿ ಕೆಲಸ ಮಾಡುವ ಸಹಜ ಗುಣ, ಸಿಕ್ಕಿತು. ಅದರ ಎದುರು ನಿಂತ ಜೀವಿಯನ್ನು ಹಿಂದಕ್ಕೆ ಕರೆಸಿಕೊಳ್ಳುವಂತಿಲ್ಲ. ಅದರ ಜೊತೆಗೆ ಎನ್‌ಕೋರ್ ಬಳಸಿದರೆ, ಎದುರಾಳಿ ಹಿಂದಿನ ಸರದಿಯಲ್ಲಿ ಮಾಡಿದ್ದನ್ನೇ ಮತ್ತೆ ಮತ್ತೆ ಮಾಡುತ್ತಾ ನಿಲ್ಲಬೇಕು. ಎದುರಾಳಿ ಹಾಗೆ ಕಟ್ಟಿಬಿದ್ದಿರುವಾಗ ಇತ್ತ ತಂಡದ ಮತ್ತೊಂದು ಜೀವಿ ಆರಾಮವಾಗಿ ಬಂದು ತನ್ನ ಬಲ ಹೆಚ್ಚಿಸಿಕೊಳ್ಳುತ್ತಿತ್ತು. ಇನ್ನೂ ವಿಚಿತ್ರವೆಂದರೆ, ಪ್ರತಿ ಸರದಿಗೂ ಗಾಯವನ್ನು ಸ್ವಲ್ಪ ಮಾಯಿಸುವ ಲೆಫ್ಟೋವರ್ಸ್ ಹಿಡಿದ ಎರಡು ವಾಬಫೆಟ್‌ಗಳು ಮುಖಾಮುಖಿಯಾದರೆ ಆ ತಲೆಮಾರಿನಲ್ಲಿ ಪಂದ್ಯ ಮುಗಿಯುವ ದಾರಿಯೇ ಇರಲಿಲ್ಲ: ಎರಡೂ ಹಿಂದೆ ಹೋಗುವಂತಿಲ್ಲ, ಆಗುವ ಗಾಯಕ್ಕಿಂತ ಮಾಯುವುದೇ ಹೆಚ್ಚು. ದುರ್ಬಲ ಜೀವಿಯೊಂದು ಬಲಿಷ್ಠರ ಅಟ್ಟಕ್ಕೇರಿದ್ದು ಹೀಗೆ. ‘ಇದು ಎಷ್ಟು ಬಲಶಾಲಿ’ ಎಂಬ ಪ್ರಶ್ನೆ ಬಿದ್ದುಹೋಗಿ, ‘ಇದರ ಎದುರು ಆಟಗಾರನಿಗೆ ಆರಿಸಿಕೊಳ್ಳಲು ಏನು ಉಳಿಯುತ್ತದೆ’ ಎಂಬ ಪ್ರಶ್ನೆ ಎದ್ದಿತು. ಆಮೇಲಿನ ಎಲ್ಲ ವಾದಗಳ ಬೇರು ಇದೇ ಎಂದು ನನಗನ್ನಿಸುತ್ತದೆ.

2004ರಲ್ಲಿ ಹುಟ್ಟಿದ ಸ್ಮೋಗನ್ ಎಂಬ ಆಟಗಾರರ ಬಳಗ ಇಂಥ ತೀರ್ಮಾನಗಳಿಗೆ ಒಂದು ಕ್ರಮ ತಂದಿತು. ಅದರ ಕ್ರಮಕ್ಕೆ ನಿಜವಾದ ಅಗ್ನಿಪರೀಕ್ಷೆಯಾಗಿ ಬಂದದ್ದು ಗಾರ್ಚಾಂಪ್. ಡ್ರ್ಯಾಗನ್ ಮತ್ತು ಗ್ರೌಂಡ್ ಟೈಪ್‌ಗಳೆರಡೂ ಕೂಡಿದ ಈ ಜೀವಿಗೆ ಮೂಲ ದಾಳಿ 130. 120 ಶಕ್ತಿಯ ಔಟ್‌ರೇಜ್ ಅನ್ನು ತಡೆದುಕೊಳ್ಳಬಲ್ಲ ಟೈಪ್ ಆಗ ಸ್ಟೀಲ್ ಒಂದೇ ಆಗಿತ್ತು. ಆ ಸ್ಟೀಲ್‌ಗೆ ಗಾರ್ಚಾಂಪ್‌ನ ಅರ್ಥ್‌ಕ್ವೇಕ್ ಕಂಡರೆ ಆಗದು. ಎರಡನ್ನೂ ಸಹಿಸಬಲ್ಲ ಸ್ಕಾರ್ಮರಿ ಮತ್ತು ಬ್ರಾಂಜಾಂಗ್‌ಗಳಿಗೆಂದು ಅದು ಬೆಂಕಿಯ ಮೂವ್ ಒಂದನ್ನು ಇಟ್ಟುಕೊಳ್ಳಬಹುದಿತ್ತು.

ಅದನ್ನು ಉಳಿಸಿಕೊಳ್ಳಬೇಕೆಂದವರ ವಾದ ಸುಲಭವಾಗಿ ತಳ್ಳಿಹಾಕುವಂಥದ್ದಾಗಿರಲಿಲ್ಲ. ಐಸ್ ಟೈಪ್‌ನ ಏಟು ಗಾರ್ಚಾಂಪ್‌ಗೆ ನಾಲ್ಕು ಪಟ್ಟು ತಗುಲುತ್ತದೆ. ಅದಕ್ಕಿಂತ ವೇಗದ ಸ್ಟಾರ್ಮಿ ಇದೆ, ವೇಗವನ್ನೇ ಲೆಕ್ಕಿಸದೆ ಮೊದಲು ಬೀಳುವ ಐಸ್ ಶಾರ್ಡ್ ಇದೆ. ಮದ್ದಿರುವ ರೋಗಕ್ಕೆ ಹೆದರುವುದೇಕೆ ಎಂದು ಅವರು ಕೇಳಿದರು. ಆ ಮದ್ದು ಎಷ್ಟರಮಟ್ಟಿಗೆ ಕೆಲಸ ಮಾಡುತ್ತಿತ್ತು ಎಂಬುದನ್ನು ಒಂದು ಸನ್ನಿವೇಶದಲ್ಲಿಟ್ಟು ನೋಡಬೇಕು. ತಂಡದ ಟೈರಾನಿಟಾರ್ ಕಣಕ್ಕಿಳಿದೊಡನೆ ಮರಳುಗಾಳಿ ಏಳುತ್ತಿತ್ತು. ಬೇರೆ ಹವೆ ಬಂದು ಬದಲಿಸದಿದ್ದರೆ ಅದು ಪಂದ್ಯ ಮುಗಿಯುವವರೆಗೂ ನಿಲ್ಲುತ್ತಿರಲಿಲ್ಲ. ಆ ಗಾಳಿಯಲ್ಲಿ ಗಾರ್ಚಾಂಪ್‌ನ ಸ್ಯಾಂಡ್ ವೇಲ್ ಅಬಿಲಿಟಿ ಜಾಗೃತವಾಗುತ್ತದೆ, ಎಂದರೆ ಸಾಮಾನ್ಯವಾಗಿ ಗುರಿ ತಪ್ಪದ ಮೂವ್ ಕೂಡ ಐದರಲ್ಲಿ ಒಂದು ಸಲ ತಪ್ಪುತ್ತದೆ. ಗಾರ್ಚಾಂಪ್‌ನ ಕೈಯಲ್ಲಿ ಯಾಚೆ ಬೆರ್ರಿ ಇದೆ. ಮೊದಲ ಐಸ್ ಏಟಿನ ಪೆಟ್ಟನ್ನು ಅದು ಅರ್ಧಕ್ಕೆ ಇಳಿಸುತ್ತದೆ. ಸ್ಟಾರ್ಮಿ ಮೊದಲು ಐಸ್ ಬೀಮ್ ಬಿಡುತ್ತದೆ. ಗಾರ್ಚಾಂಪ್ ಬದುಕುಳಿದು, ಸ್ವೋರ್ಡ್ಸ್ ಡ್ಯಾನ್ಸ್ ಮಾಡಿ ದಾಳಿಯನ್ನು ಇಮ್ಮಡಿಗೊಳಿಸಿಕೊಳ್ಳುತ್ತದೆ. ಅದನ್ನು ಉರುಳಿಸಲು ಸ್ಟಾರ್ಮಿಯ ಎರಡನೇ ಐಸ್ ಬೀಮ್ ಕೂಡ ತಗುಲಲೇಬೇಕು. ಎರಡೂ ಗುರಿ ಮುಟ್ಟುವ ಸಾಧ್ಯತೆ 64%. ಮಿಕ್ಕ 36% ಸಲ, ತಕ್ಕ ಮದ್ದನ್ನೇ ತಂದು ತಕ್ಕ ಹೊತ್ತಿಗೇ ಬಳಸಿದ ಆಟಗಾರ ಏನೂ ತಪ್ಪು ಮಾಡದೆ ಸ್ಟಾರ್ಮಿಯನ್ನು ಕಳೆದುಕೊಳ್ಳುತ್ತಾನೆ, ಅದರ ಹಿಂದೆಯೇ ಬಹುಶಃ ಪಂದ್ಯವನ್ನೂ.

ವಿರೋಧಿಗಳ ಆಕ್ಷೇಪ ಇದ್ದದ್ದು ಇಲ್ಲೇ. ಸೋಲು ಬೇಸರದ ವಿಷಯವಲ್ಲ, ಸೋಲಿಗೆ ಕಾರಣ ಹುಡುಕಲಾಗದಿರುವುದು ಬೇಸರ ಎಂಬುದು ಅವರ ನಿಲುವಾಗಿತ್ತು. ಆ ಹೊತ್ತಿಗೆ ಬಳಗದಲ್ಲಿ ‘ಸಸ್ಪೆಕ್ಟ್ ಟೆಸ್ಟ್’ ಎಂಬ ವಿಧಾನ ರೂಢಿಗೆ ಬರುತ್ತಿತ್ತು: ಅನುಮಾನಕ್ಕೆ ಗುರಿಯಾದ ಜೀವಿಯನ್ನು ಪರೀಕ್ಷೆಗೆ ಒಡ್ಡಿ, ಲ್ಯಾಡರ್ ಎಂಬ ಆನ್‌ಲೈನ್ ಶ್ರೇಯಾಂಕದ ಪಂದ್ಯಗಳಲ್ಲಿ ಸಾಕಷ್ಟು ಆಡಿ ನಿಗದಿತ ಮಟ್ಟ ಮುಟ್ಟಿದವರಿಗೆ ಮಾತ್ರ ಮತ ಕೊಡುವುದು. ಗಾರ್ಚಾಂಪ್ ಕಾಲಿಟ್ಟ ನಾಲ್ಕನೇ ತಲೆಮಾರು ಮುಗಿಯುವ ಮೊದಲೇ ಅದು ಉಬರ್‌ಗೆ ಹೋಯಿತು. ಈಚಿನ ತಲೆಮಾರುಗಳಲ್ಲಿ ಬ್ಯಾನ್ ಮಾಡಲು ಸರಳ ಬಹುಮತ ಸಾಲದು, 60% ಮತ ಬೇಕು.

ಐದನೇ ತಲೆಮಾರಿನಲ್ಲಿ ತಕರಾರು ಇನ್ನೊಂದು ತಿರುವು ಪಡೆಯಿತು. ತಪ್ಪು ಜೀವಿಯದೋ, ಅದರ ಒಂದು ಗುಣದ್ದೋ? ಇದೇ ಪ್ರಶ್ನೆ 2011ರಲ್ಲಿ ಮಳೆಯ ತಂಡಗಳ ವಿಷಯದಲ್ಲೂ ಎದ್ದಿತ್ತು. ಮಳೆ ತರಿಸುವ ಡ್ರಿಜಲ್ ಮತ್ತು ಮಳೆಯಲ್ಲಿ ವೇಗ ಇಮ್ಮಡಿಸುವ ಸ್ವಿಫ್ಟ್ ಸ್ವಿಮ್ ಎರಡೂ ಒಂದೇ ತಂಡದಲ್ಲಿರಬಾರದು ಎಂಬ ನಿಯಮ ಆಗ ಬಂತು. ಬಿಡಿಬಿಡಿಯಾಗಿ ಎರಡೂ ಸೈ, ಜೋಡಿಯಾಗಿ ಮಾತ್ರ ಬೇಡ. ಇಂಥ ಹೊಲಿಗೆ ಹಾಕಿದ ನಿಯಮಗಳನ್ನು ಹಲವರು ಇಂದಿಗೂ ಒಪ್ಪುವುದಿಲ್ಲ. ಹೀಗೆ ಹೊರಟರೆ ಮ್ಯೂಟೂವಿನ ನಾಲ್ಕು ಮೂವ್‌ಗಳನ್ನು ಕಿತ್ತುಕೊಂಡು ಅದನ್ನೂ ಒಳಗೆ ಬಿಟ್ಟುಕೊಳ್ಳಬಹುದಲ್ಲ ಎಂಬ ಅವರ ಕುಹಕದಲ್ಲಿ ಸತ್ಯವಿದೆ. ಸರದಿಗೊಮ್ಮೆ ವೇಗ ಹೆಚ್ಚಿಸುವ ಸ್ಪೀಡ್ ಬೂಸ್ಟ್ ಅಬಿಲಿಟಿ ಸಿಕ್ಕ ಬ್ಲೇಜಿಕನ್‌ನ ವಿಷಯದಲ್ಲಿ ಅವರದೇ ಕೈ ಮೇಲಾಯಿತು. ಅದರ ಹಳೆಯ ಅಬಿಲಿಟಿಯಿಂದ ಯಾರಿಗೂ ತೊಂದರೆ ಇರಲಿಲ್ಲವಾದರೂ ಇಡೀ ಜೀವಿಯನ್ನೇ ಹೊರಗಿಡಲಾಯಿತು. ಗಾರ್ಚಾಂಪ್‌ಗೆ ಮಾತ್ರ ಅದೃಷ್ಟ ಒಲಿಯಿತು. 2012ರ ಬ್ಲ್ಯಾಕ್ 2 ಮತ್ತು ವೈಟ್ 2 ಆಟಗಳ ಹೊತ್ತಿಗೆ ಅದಕ್ಕೆ ರಫ್ ಸ್ಕಿನ್ ಎಂಬ ಬೇರೆ ಅಬಿಲಿಟಿ ದೊರಕಿದ್ದರಿಂದ, ಸ್ಯಾಂಡ್ ವೇಲ್ ಅನ್ನು ಬ್ಯಾನ್ ಮಾಡಿ ಜೀವಿಯನ್ನು ಒಳಗೆ ಕರೆದುಕೊಂಡರು. ಅಷ್ಟು ವರ್ಷ ಕಾಡಿದ್ದು ಅದರ ಬಲಕ್ಕಿಂತ ಹೆಚ್ಚಾಗಿ ಅದರ ಅದೃಷ್ಟ ಎಂಬುದನ್ನು ಆಟಗಾರರೇ ಒಪ್ಪಿಕೊಂಡಂತಾಯಿತು.

ಆರನೇ ತಲೆಮಾರಿನ ಏಜಿಸ್ಲ್ಯಾಶ್‌ನಲ್ಲಿ ಅದೃಷ್ಟದ ಜಾಗಕ್ಕೆ ಊಹೆ ಬಂತು. ಹೊಡೆಯುವಾಗ ಅದರ ದಾಳಿ ಆಗ 150, ರಕ್ಷಣೆ 50 ಇರುತ್ತಿತ್ತು. ಕಿಂಗ್ಸ್ ಶೀಲ್ಡ್ ಬಳಸಿದೊಡನೆ ಎರಡೂ ಅದಲುಬದಲು. ಮೈಗೆ ತಾಗುವ ಮೂವ್‌ನಿಂದ ಆ ಗುರಾಣಿಗೆ ಹೊಡೆದವರ ದಾಳಿ ಅರ್ಧಕ್ಕೆ ಇಳಿಯುತ್ತಿತ್ತು. ಅದರ ಎದುರಿನ ಪ್ರತಿ ಸರದಿಯೂ ಗುರಾಣಿಯೋ ಕತ್ತಿಯೋ ಎಂಬ ಊಹೆಯ ಆಟ. ಅದನ್ನು ಜಾಣತನದ ಪರೀಕ್ಷೆ ಎಂದು ಕೆಲವರು ಹೊಗಳಿದರು, ನಾಣ್ಯ ಚಿಮ್ಮುವುದಕ್ಕೂ ಇದಕ್ಕೂ ವ್ಯತ್ಯಾಸವೇನು ಎಂದು ಉಳಿದವರು ಕೇಳಿದರು, ಬ್ಯಾನ್ ಆಯಿತು. ಅದೇ ತಲೆಮಾರಿನ ಮೆಗಾ ರೇಕ್ವಾಜಾ (ಮೆಗಾ ಎಂದರೆ ಕದನದ ನಡುವೆ ತಾಳುವ ಇನ್ನೂ ಬಲಿಷ್ಠ ರೂಪ) ಮಾತ್ರ ಚರ್ಚೆಯನ್ನು ಮತ್ತೆ 1996ಕ್ಕೆ ಕೊಂಡೊಯ್ದಿತು. ಅದರ ಅಂಕಗಳ ಮೊತ್ತ 780. ಮೆಗಾ ರೂಪ ತಾಳುವ ಉಳಿದ ಜೀವಿಗಳೆಲ್ಲ ಒಂದು ಕಲ್ಲನ್ನು ಹಿಡಿದಿರಬೇಕು, ಇದಕ್ಕೆ ಅದೂ ಬೇಡ. ಅದನ್ನು ಉಬರ್‌ನಿಂದಲೂ ಹೊರಗೆ ಹಾಕಬೇಕಾಗಿ ಬಂದು, ‘ಎನಿಥಿಂಗ್ ಗೋಸ್’ ಎಂಬ ಇನ್ನೂ ಮೇಲಿನ ಅಟ್ಟವನ್ನೇ ಕಟ್ಟಲಾಯಿತು.

ಎಷ್ಟು ಜನ ಬಳಸುತ್ತಾರೆ ಎಂಬ ಎಣಿಕೆಯೊಂದೇ ಸಾಕಲ್ಲವೇ ಎಂದು ಹೊಸಬರು ಕೇಳುವುದುಂಟು. ಸಾಮಾನ್ಯ ವಿಭಾಗದಲ್ಲಿ ಉಳಿಯಲು ಒಂದು ಜೀವಿಗೆ ಬೇಕಾದ ಬಳಕೆಯ ಪ್ರಮಾಣ 4.52%, ಎಂದರೆ 15 ಪಂದ್ಯ ಆಡಿದರೆ ಅದು ಒಮ್ಮೆಯಾದರೂ ಎದುರಾಗುವ ಸಾಧ್ಯತೆ ಅರ್ಧಕ್ಕರ್ಧ. ಇದು ಕೆಳಗಿನ ಗಡಿ ಗುರುತಿಸುವ ಲೆಕ್ಕ. ಮೇಲಿನ ಗಡಿಗೆ ಇಂಥ ಸಂಖ್ಯೆಯಿಲ್ಲ. ಅಧಿಕೃತ ಜೋಡಿ ಕದನಗಳಲ್ಲಿ ಇನ್ಸಿನರೋರ್ ವರ್ಷಗಟ್ಟಲೆ ತಂಡದಿಂದ ತಂಡಕ್ಕೆ ಕಾಣಿಸಿಕೊಂಡರೂ, ಅದು ಗೆಲುವನ್ನು ಕಸಿಯದೆ ಜೊತೆಗಾರರಿಗೆ ನೆರವಾಗುವ ಜೀವಿಯಾದ್ದರಿಂದ, ಅದರ ಮೇಲೆ ಬೇಸರ ಬಂದಷ್ಟು ಸಿಟ್ಟು ಬಂದಿಲ್ಲ.

ಗಾರ್ಚಾಂಪ್‌ನ 108, 130, 95, 80, 85, 102 ಎಂಬ ಆರು ಅಂಕಗಳಲ್ಲಿ 2006ರಿಂದ ಒಂದೂ ಬದಲಾಗಿಲ್ಲ. 2013ರಲ್ಲಿ ಆಟ ತಯಾರಿಸಿದವರು ಟೈರಾನಿಟಾರ್ ಎಬ್ಬಿಸುವ ಮರಳುಗಾಳಿಗೆ ಐದು ಸರದಿಗಳ ಮಿತಿ ಹಾಕಿದರು. ಡ್ರ್ಯಾಗನ್ ಏಟು ತಗುಲದ ಫೇರಿ ಎಂಬ ಟೈಪ್ ಬಂದದ್ದೂ ಆಗಲೇ. ಹಿಂದೆ ಇಡೀ ತಂಡವನ್ನು ಗುಡಿಸಿಹಾಕುತ್ತಿದ್ದ ಆ ಔಟ್‌ರೇಜ್‌ನ ಎದುರು ಈಗ ಒಂದು ಫೇರಿಯನ್ನು ಇಳಿಸಿದರೆ ಅದರ ಮೈಗೆ ಒಂದು ಗೀರೂ ಬೀಳುವುದಿಲ್ಲ.