ರಿಪೋರ್ಟಿನ ನಾರ್ಮಲ್ ಬೇರೆ, ನಿಮ್ಮ ನಾರ್ಮಲ್ ಬೇರೆ

ಲ್ಯಾಬ್ ರಿಪೋರ್ಟ್ ಕೈಗೆ ಬಂದ ಕೂಡಲೇ ಎಲ್ಲರ ಕಣ್ಣು ಹೋಗುವುದು ‘ಟೋಟಲ್ ಕೊಲೆಸ್ಟ್ರಾಲ್’ ಮೇಲೆ. 200ರ ಒಳಗಿದ್ದರೆ ಸಮಾಧಾನ. 210 ಬಂದರೆ ಅವತ್ತಿನಿಂದಲೇ ಮನೆಯಲ್ಲಿ ತುಪ್ಪ ಬಂದ್. ನಾನು ಆ ಸಾಲಿಗೆ ಅಷ್ಟು ಬೆಲೆ ಕೊಡುವುದಿಲ್ಲ. ನೋಡುವುದು ಎಲ್‌ಡಿಎಲ್, ಅಂದರೆ ‘ಕೆಟ್ಟ ಕೊಲೆಸ್ಟ್ರಾಲ್’. ಅದಕ್ಕೂ ಮೊದಲು, ಆ ರಿಪೋರ್ಟ್ ಯಾರದ್ದು ಅಂತ.

ಎಲ್‌ಡಿಎಲ್ 128 ಇರುವ ಇಬ್ಬರನ್ನು ತೆಗೆದುಕೊಳ್ಳಿ. ಒಬ್ಬರು 32 ವರ್ಷದ ಟೀಚರ್. ಬಿಪಿ ಇಲ್ಲ, ಶುಗರ್ ಇಲ್ಲ, ಮನೆತನದಲ್ಲಿ ಯಾರಿಗೂ ಚಿಕ್ಕ ವಯಸ್ಸಿಗೆ ಹೃದಯದ ಕಾಯಿಲೆ ಬಂದಿಲ್ಲ. ಇನ್ನೊಬ್ಬರು 56ರ ಅಂಗಡಿ ಯಜಮಾನರು. ಶುಗರ್ ಇದೆ, ಸ್ಟೆಂಟ್ ಹಾಕಿಸಿಕೊಂಡಿದ್ದಾರೆ, ಬೀಡಿ ಇನ್ನೂ ಬಿಟ್ಟಿಲ್ಲ. ರಿಪೋರ್ಟಿನಲ್ಲಿ ಇಬ್ಬರಿಗೂ ಅಚ್ಚಾಗಿರುವ ಷರಾ ಒಂದೇ. ಟೀಚರಿಗೆ ನಾನು ಮಾತ್ರೆ ಬರೆಯುವುದಿಲ್ಲ. ಯಜಮಾನರಿಗೆ ಮಾತ್ರ 128 ವಿಪರೀತ ಜಾಸ್ತಿ. ಅವರಂಥವರಿಗೆ 55ಕ್ಕಿಂತ ಕೆಳಗಿರಲಿ ಎನ್ನುತ್ತದೆ ಯುರೋಪಿನ ಮಾರ್ಗಸೂಚಿ. ನಮ್ಮ ಲಿಪಿಡ್ ಅಸೋಸಿಯೇಷನ್ ಆಫ್ ಇಂಡಿಯಾ 50ಕ್ಕಿಂತ ಕೆಳಗೆ ಎನ್ನುತ್ತದೆ.

ಹೀಗೇಕೆ? ಎಲ್‌ಡಿಎಲ್ ಸುಮಾರು 39 ಪಾಯಿಂಟ್ ಇಳಿದರೆ ಹಾರ್ಟ್ ಅಟ್ಯಾಕ್, ಲಕ್ವದಂಥ ಅನಾಹುತಗಳು ಸುಮಾರು ಐದರಲ್ಲೊಂದು ಪಾಲು ಕಡಿಮೆಯಾಗುತ್ತವೆ. ಅಪಾಯ ದೊಡ್ಡದಿದ್ದವರಿಗೆ ಆ ಒಂದು ಪಾಲೂ ದೊಡ್ಡದು. ಟೀಚರಿಗೆ ಸದ್ಯಕ್ಕೆ ಅಪಾಯವೇ ಚಿಕ್ಕದು. ಆದರೆ ಎಲ್‌ಡಿಎಲ್ 190 ದಾಟಿದ್ದರೆ ಈ ಲೆಕ್ಕ ನಡೆಯುವುದಿಲ್ಲ. ಅದು ವಂಶದಿಂದ ಬಂದದ್ದಿರಬಹುದು, ವಯಸ್ಸು ಚಿಕ್ಕದಾದರೂ ಚಿಕಿತ್ಸೆ ಬೇಕು. ಅಣ್ಣ, ತಮ್ಮ, ಮಕ್ಕಳನ್ನೂ ಪರೀಕ್ಷೆ ಮಾಡಿಸಬೇಕು.

ಸಿಂಕಿನ ಪೈಪಿನಲ್ಲಿ ಜಿಡ್ಡು ಕಟ್ಟಿಕೊಂಡ ಹಾಗೆ ರಕ್ತನಾಳದಲ್ಲಿ ಕೊಬ್ಬು ಕಟ್ಟುತ್ತದೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಎಲ್‌ಡಿಎಲ್ ನಾಳದ ಗೋಡೆಯ ಒಳಕ್ಕೆ ನುಗ್ಗಿ ಅಲ್ಲೇ ಉಳಿಯುತ್ತದೆ. ವರ್ಷಗಟ್ಟಲೆ ಅಲ್ಲಿ ಉರಿಯೂತ ನಡೆದು ಗಡ್ಡೆಯಂತೆ ಬೆಳೆಯುತ್ತದೆ. ಆ ಗಡ್ಡೆ ಒಂದು ದಿನ ಬಿರುಕು ಬಿಟ್ಟರೆ ಅದರ ಮೇಲೆ ರಕ್ತ ಹೆಪ್ಪುಗಟ್ಟಿ ನಾಳ ನಿಮಿಷಗಳಲ್ಲಿ ಮುಚ್ಚಿಹೋಗುತ್ತದೆ. ಹಿಂದಿನ ದಿನದವರೆಗೆ ನಾಳ ಅರ್ಧಕ್ಕರ್ಧ ತೆರೆದೇ ಇರಬಹುದು, ಮೆಟ್ಟಿಲು ಹತ್ತಿದರೂ ಎದೆ ನೋಯದಿರಬಹುದು.

2025ರ ಜುಲೈನಲ್ಲಿ ಹಾಸನ ಜಿಲ್ಲೆಯ ಹಠಾತ್ ಸಾವುಗಳ ಸುದ್ದಿ ಹರಡಿದಾಗ ಮೈಸೂರಿನ ಜಯದೇವ ಆಸ್ಪತ್ರೆಯಲ್ಲಿ ತಪಾಸಣೆಗೆ ಜನ ಮುಗಿಬಿದ್ದರಲ್ಲ, ನೆನಪಿದೆಯಾ? ಭಯ ಅರ್ಥವಾಗುತ್ತದೆ. ಆದರೆ ಏನೂ ತೊಂದರೆ ಇಲ್ಲದವರ ಇಸಿಜಿ ಸರಿ ಬಂದರೆ ನಾಳದ ಗೋಡೆಯಲ್ಲಿ ಏನೂ ಇಲ್ಲ ಅಂತಲ್ಲ. ಆ ಗಡ್ಡೆ ಇಸಿಜಿಗೆ ಕಾಣುವುದೇ ಇಲ್ಲ. ಮುಂದಿನ ಹತ್ತು ವರ್ಷದ ಅಂದಾಜು ಸಿಗುವುದು ಬಿಪಿ, ಶುಗರ್, ಲಿಪಿಡ್ (ರಕ್ತದ ಕೊಬ್ಬಿನ) ಪರೀಕ್ಷೆ, ಬೀಡಿ-ಸಿಗರೇಟು, ತಂದೆತಾಯಿಯ ಆರೋಗ್ಯದ ಕಥೆ ಇವುಗಳಿಂದ. ಒಮ್ಮೆ ಲಿಪೋಪ್ರೋಟೀನ್-ಎ ಪರೀಕ್ಷೆಯನ್ನೂ ಮಾಡಿಸಿ. ಅದು ಎಲ್‌ಡಿಎಲ್‌ನಂಥದ್ದೇ, ವಂಶದಿಂದ ಬರುವ ಇನ್ನೊಂದು ಕೊಬ್ಬಿನ ಕಣ. ದಕ್ಷಿಣ ಏಷ್ಯಾದವರಲ್ಲಿ ಅದು ಜಾಸ್ತಿ ಇರುವುದುಂಟು. ಜೀವನದಲ್ಲಿ ಬಹಳ ಬದಲಾಗುವುದಿಲ್ಲವಾದ್ದರಿಂದ ಒಂದು ಸಲ ಸಾಕು.

ಲಕ್ವದ ಲೆಕ್ಕ ಸ್ವಲ್ಪ ಬೇರೆ. ಹೆಚ್ಚಿನವು ಮೆದುಳಿನ ನಾಳ ಮುಚ್ಚಿ ಬರುವಂಥವು. ಅವುಗಳಲ್ಲೂ ಕತ್ತಿನ ನಾಳದ ಕೊಬ್ಬಿನ ಗಡ್ಡೆಯಿಂದ ಬಂದದ್ದಕ್ಕೆ ಎಲ್‌ಡಿಎಲ್ ನೇರ ಕಾರಣ. ಹೃದಯದ ಬಡಿತ ತಪ್ಪಿ ಹೆಪ್ಪು ಹೋಗಿ ಕೂತಿದ್ದರೆ ಚಿಕಿತ್ಸೆಯೇ ಬೇರೆ. ನಾಳ ಒಡೆದು ರಕ್ತ ಸೋರಿದ ಲಕ್ವಕ್ಕೆ ಮುಖ್ಯ ಶತ್ರು ಬಿಪಿ. ಕೊಲೆಸ್ಟ್ರಾಲ್ ಮಾತ್ರೆ ನುಂಗಿ ಬಿಪಿ ಮಾತ್ರೆ ಬಿಟ್ಟರೆ ಏನು ಬಂತು?

ಎಣ್ಣೆ ಪ್ಯಾಕೆಟ್ ಮೇಲಿನ ‘ಕೊಲೆಸ್ಟ್ರಾಲ್ ಇಲ್ಲ’ ಅನ್ನುವುದು ಸುಮ್ನೆ ವ್ಯಾಪಾರದ ಮಾತು. ಗಿಡದಿಂದ ಬಂದ ಯಾವ ಎಣ್ಣೆಯಲ್ಲೂ ಲೆಕ್ಕಕ್ಕೆ ಸಿಗುವಷ್ಟು ಕೊಲೆಸ್ಟ್ರಾಲ್ ಇರುವುದಿಲ್ಲ. ಆದರೆ ಪಾಮ್ ಎಣ್ಣೆಯಲ್ಲಿ ಸುಮಾರು ಅರ್ಧ, ಕೊಬ್ಬರಿ ಎಣ್ಣೆಯಲ್ಲಿ ನೂರಕ್ಕೆ ಸುಮಾರು 90 ಭಾಗ ಸ್ಯಾಚುರೇಟೆಡ್ ಕೊಬ್ಬು. ಎಲ್‌ಡಿಎಲ್ ಏರಿಸುವುದು ಅದು. ಬೇಕರಿ ತಿಂಡಿ ಹೆಚ್ಚಾಗಿ ಇಂಥ ಕೊಬ್ಬಿನದ್ದೇ. ದಿನಾ ಮೂರು ಹೊತ್ತು ಅನ್ನ, ಜೊತೆಗೆ ಸಕ್ಕರೆ ಕಾಫಿ ಆದರೆ ಟ್ರೈಗ್ಲಿಸರೈಡ್ ಎಂಬ ರಕ್ತದ ಇನ್ನೊಂದು ಕೊಬ್ಬು ಏರುತ್ತದೆ. ಮೊಟ್ಟೆ ಪಾಪ, ಅದರ ಮೇಲೆ ಬಂದಷ್ಟು ಅಪವಾದಕ್ಕೆ ಅದು ಲಾಯಕ್ಕಲ್ಲ.

ನನಗೆ ತಲೆನೋವಾಗುವುದು ಒಂದು ಮಾತು. “ಡಾಕ್ಟ್ರೇ, ರಿಪೋರ್ಟ್ ನಾರ್ಮಲ್ ಬಂತು, ಮಾತ್ರೆ ಬಿಟ್ಟೆ.” ನಾರ್ಮಲ್ ಬಂದದ್ದೇ ಮಾತ್ರೆಯಿಂದ ಯಜಮಾನ್ರೇ! ಬಿಟ್ಟರೆ ಕೆಲವೇ ವಾರಗಳಲ್ಲಿ ಎಲ್‌ಡಿಎಲ್ ಹಳೆಯ ಜಾಗಕ್ಕೆ ವಾಪಸ್. ಕೊಲೆಸ್ಟ್ರಾಲ್ ಇಳಿಸುವ ಈ ಸ್ಟ್ಯಾಟಿನ್ ಔಷಧಿಗಳ ಬೇರು ಜಪಾನಿನ ವಿಜ್ಞಾನಿ ಅಕಿರಾ ಎಂಡೊ 1970ರ ದಶಕದಲ್ಲಿ ಒಂದು ಬೂಷ್ಟಿನಲ್ಲಿ ಕಂಡ ಪದಾರ್ಥ. 1994ರಲ್ಲಿ ಸ್ಕ್ಯಾಂಡಿನೇವಿಯಾದ 4,444 ಹೃದ್ರೋಗಿಗಳ ಪರೀಕ್ಷೆಯಲ್ಲಿ ಸಿಮ್ವಾಸ್ಟಾಟಿನ್ ಎಂಬ ಸ್ಟ್ಯಾಟಿನ್ ನುಂಗಿದವರಲ್ಲಿ ಸಾವು ಸುಮಾರು 30 ಪ್ರತಿಶತ ಕಡಿಮೆಯಾಗಿತ್ತು. ವಾಟ್ಸಾಪಿನಲ್ಲಿ ಬರುವ ‘ಲಿವರ್ ಹಾಳು’ ಸಂದೇಶಗಳ ಮುಂದೆ ಈ ಲೆಕ್ಕ ಇಟ್ಟು ನೋಡಿ. ಲಿವರಿಗೆ ನಿಜವಾದ ಪೆಟ್ಟು ಬೀಳುವುದು ಬಹಳ ಅಪರೂಪ.

ಮೈಕೈ ನೋವು ಕೆಲವರಿಗೆ ಬರುತ್ತದೆ, ಸುಳ್ಳಲ್ಲ. ಹೇಳದೆ ಕೇಳದೆ ಮಾತ್ರೆ ನಿಲ್ಲಿಸುವ ಬದಲು ಬಂದು ಹೇಳಿ. ಡೋಸ್ ಇಳಿಸಬಹುದು, ಇನ್ನೊಂದು ಸ್ಟ್ಯಾಟಿನ್‌ಗೆ ಬದಲಾಯಿಸಬಹುದು, ಎಜೆಟಿಮೈಬ್ ಎಂಬ ಬೇರೆ ಬಗೆಯ ಕೊಲೆಸ್ಟ್ರಾಲ್ ಮಾತ್ರೆ ಸೇರಿಸಬಹುದು. ನೋವಿನ ಜೊತೆ ಮೂತ್ರ ಕಡು ಕಂದು ಬಣ್ಣಕ್ಕೆ ತಿರುಗಿದರೆ ಮಾತ್ರ ಮಾತ್ರೆ ನಿಲ್ಲಿಸಿ ಅವತ್ತೇ ಆಸ್ಪತ್ರೆಗೆ ಬನ್ನಿ. ಮಗು ಬೇಕೆಂದಿರುವ ಹೆಣ್ಣುಮಕ್ಕಳು ಮಾತ್ರೆ ಶುರುಮಾಡುವ ಮೊದಲೇ ಅದನ್ನು ಡಾಕ್ಟರಿಗೆ ತಿಳಿಸಬೇಕು.