ಕೆರೊವಾಕ್ ಹುಡುಕಿದ ಹೆಸರು: ಕ್ವಿಬೆಕ್ ಮನೆತನಗಳ ಮೂಲ ಪತ್ತೆ ಯಾಕೆ ಇಷ್ಟು ಕಷ್ಟ?

ಜ್ಯಾಕ್ ಕೆರೊವಾಕ್ ಹೆಸರನ್ನು ನೀವು ಕೇಳಿರಬಹುದು. ಅಮೆರಿಕದ ಬೀಟ್ ಪೀಳಿಗೆಯ ಲೇಖಕ. 1922ರಲ್ಲಿ ಮ್ಯಾಸಚೂಸೆಟ್ಸ್‌ನ ಲೊವೆಲ್‌ನಲ್ಲಿ ಹುಟ್ಟಿದವನು. ಅಪ್ಪ, ಅಮ್ಮ ಇಬ್ಬರೂ ಕ್ವಿಬೆಕ್ ಕಡೆಯವರು (ಕೆನಡಾದ ಫ್ರೆಂಚ್ ಮಾತಾಡುವ ಪ್ರಾಂತ್ಯ, ಹಿಂದೆ ಫ್ರಾನ್ಸಿನ ವಸಾಹತು), ಮನೆಯಲ್ಲಿ ಆಡುತ್ತಿದ್ದದ್ದು ಫ್ರೆಂಚ್. 1965ರಲ್ಲಿ ಅವನು ತನ್ನ ಮನೆತನದ ಹೆಸರು ಎಲ್ಲಿಂದ ಬಂತು ಅಂತ ಹುಡುಕಿಕೊಂಡು ಫ್ರಾನ್ಸಿಗೆ ಹೋದ. ಪ್ಯಾರಿಸ್‌ನ ರಾಷ್ಟ್ರೀಯ ಗ್ರಂಥಾಲಯದಲ್ಲಿ ಕೇಳಿದ. ಅಲ್ಲಿಂದ ಫ್ರಾನ್ಸಿನದೇ ಆದ ಬ್ರಿಟನಿ ಪ್ರಾಂತ್ಯದ ಬ್ರೆಸ್ಟ್ ಊರಿಗೆ ಹೋಗಿ, ಲೆಬ್ರಿ ಎಂಬ ಹೆಸರಿನವರನ್ನು ಹುಡುಕಿ ಮಾತಾಡಿಸಿದ. ಯಾಕೆಂದರೆ ತಮ್ಮ ಮೂಲಪುರುಷ ‘ಲೆಬ್ರಿ ದ ಕೆರೊವಾಕ್’ ಎಂಬ ದೊಡ್ಡ ಮನೆತನದವನು ಅಂತ ಅವರ ಮನೆಯಲ್ಲಿ ನಂಬಿಕೊಂಡು ಬಂದಿದ್ದರು. ಉತ್ತರ ಮಾತ್ರ ಸಿಗಲಿಲ್ಲ. 1969ರಲ್ಲಿ ಅವನು ತೀರಿಕೊಂಡ.

ಈ ಹುಡುಕಾಟ ಅವನೊಬ್ಬನದಲ್ಲ. ಕೆನಡಾದಲ್ಲೂ ಅಮೆರಿಕದಲ್ಲೂ ಫ್ರೆಂಚ್ ಮೂಲದ ಲಕ್ಷಾಂತರ ಜನ ಇದನ್ನೇ ಮಾಡುತ್ತಾರೆ. ಹೆಚ್ಚಿನವರು ಮೊದಲು ಮಾಡುವ ಕೆಲಸ ಒಂದೇ: ತಮ್ಮ ಸರ್‌ನೇಮ್‌ನ ಈಗಿನ ಕಾಗುಣಿತವನ್ನು ಹಿಡಿದು, ಅದೇ ಹೆಸರಿನ ಊರನ್ನೋ ಮನೆತನವನ್ನೋ ಫ್ರಾನ್ಸಿನ ನಕ್ಷೆಯಲ್ಲಿ ಹುಡುಕುವುದು. ಇದು ದಾರಿ ತಪ್ಪಿಸುತ್ತದೆ. ಫ್ರಾನ್ಸಿನಿಂದ ಜನ ಕ್ವಿಬೆಕ್‌ಗೆ ಬಂದು ನೆಲೆಸಿದ 17, 18ನೇ ಶತಮಾನದಲ್ಲಿ ಹೆಸರು ಅಂದರೆ ಒಬ್ಬ ಮನುಷ್ಯ ಪಾದ್ರಿಯ ಮುಂದೆ ಬಾಯಲ್ಲಿ ಹೇಳಿದ್ದು, ಪಾದ್ರಿ ಕಿವಿಯಲ್ಲಿ ಕೇಳಿ ಬರೆದುಕೊಂಡಿದ್ದು, ಅಷ್ಟೇ.

ಸಮಾಧಾನದ ಸಂಗತಿ ಅಂದರೆ ಆ ಪಾದ್ರಿಗಳು ಬರೆದಿಟ್ಟರು. ಸಾಮಾನ್ಯ ರೈತರ, ಬಡಗಿಗಳ, ಸೈನಿಕರ ಬಗ್ಗೆ ಇಷ್ಟು ಚೆನ್ನಾಗಿ ದಾಖಲೆ ಉಳಿದಿರುವ ಜಾಗಗಳು ಜಗತ್ತಿನಲ್ಲಿ ಕಡಿಮೆ, ಅದನ್ನು ನೆನೆದರೆ ನನಗೆ ಈಗಲೂ ಮನಸ್ಸು ತುಂಬುತ್ತದೆ. ಚರ್ಚುಗಳು ದೀಕ್ಷಾಸ್ನಾನವನ್ನು ಬರೆದಿಡಬೇಕು ಅಂತ ಫ್ರಾನ್ಸಿನ ರಾಜ 1539ರಲ್ಲೇ ಆದೇಶ ಮಾಡಿದ್ದ. 1667ರ ಇನ್ನೊಂದು ಆದೇಶ ಎರಡು ಪ್ರತಿ ಕಡ್ಡಾಯ ಮಾಡಿತು. ಒಂದು ಚರ್ಚಿನಲ್ಲಿ, ಇನ್ನೊಂದು ನ್ಯಾಯಾಲಯದಲ್ಲಿ. ಒಂದು ಸುಟ್ಟುಹೋದರೂ ಇನ್ನೊಂದು ಇರುತ್ತಿತ್ತು. ಅದಕ್ಕೂ ಮುಂಚೆ ಏನಾಗಿತ್ತು ಗೊತ್ತಾ? ಕ್ವಿಬೆಕ್ ಪಟ್ಟಣದ ಚರ್ಚು 1640ರಲ್ಲಿ ಬೆಂಕಿಗೆ ಆಹುತಿಯಾಯಿತು. 1621ರಿಂದ ಬರೆದಿದ್ದ ಪುಸ್ತಕ ಹೋಯಿತು. ಆಮೇಲೆ ಜನರ ನೆನಪಿನಿಂದಲೇ ಅದನ್ನು ಮತ್ತೆ ಬರೆಸಬೇಕಾಯಿತು.

ಇವುಗಳಲ್ಲಿ ಎಲ್ಲಕ್ಕಿಂತ ಬೆಲೆಬಾಳುವುದು ಮದುವೆಯ ದಾಖಲೆ. ಸಾಮಾನ್ಯವಾಗಿ ಅದರಲ್ಲಿ ಗಂಡು, ಹೆಣ್ಣು ಇಬ್ಬರ ಅಪ್ಪ ಅಮ್ಮಂದಿರ ಹೆಸರು ಇರುತ್ತದೆ. ಹಾಗಾಗಿ ಒಂದು ಮದುವೆಯಿಂದ ಅದರ ಹಿಂದಿನ ಮದುವೆಗೆ, ಅಲ್ಲಿಂದ ಇನ್ನೂ ಹಿಂದಕ್ಕೆ ಹೋಗಬಹುದು. ಹೀಗೆ ಹೋಗುತ್ತಾ ಹೋಗುತ್ತಾ ಕೊನೆಗೆ ಹಡಗು ಇಳಿದ ಮೊದಲ ಮನುಷ್ಯ ಸಿಗುತ್ತಾನೆ, ಅವನ ಮದುವೆಯ ದಾಖಲೆಯಲ್ಲಿ ಬಹಳಷ್ಟು ಸಲ ಫ್ರಾನ್ಸಿನ ಯಾವ ಚರ್ಚಿನ ವ್ಯಾಪ್ತಿಯವನು, ಯಾವ ಬಿಷಪ್‌ನ ಸೀಮೆಯವನು ಅನ್ನುವುದೂ ಇರುತ್ತದೆ. ಈ ದಾಖಲೆಗಳನ್ನು ಒಟ್ಟು ಮಾಡಲು ಸಿಪ್ರಿಯೆನ್ ತಾಂಗೆ ಎಂಬ ಪಾದ್ರಿ ತಮ್ಮ ಆಯುಷ್ಯವನ್ನೇ ಕೊಟ್ಟರು. 1871ರಿಂದ 1890ರವರೆಗೆ ಅವರ ವಂಶಾವಳಿ ನಿಘಂಟು 7 ಸಂಪುಟಗಳಲ್ಲಿ ಬಂತು. ತಪ್ಪುಗಳಿವೆ, ನಿಜ. ಒಬ್ಬನೇ ಮನುಷ್ಯ ಕೈಬರಹದ ಪುಸ್ತಕಗಳನ್ನು ಓದಿ ಮಾಡಿದ ಕೆಲಸ ಅದು. 1966ರಲ್ಲಿ ಮಾಂಟ್ರಿಯಲ್ ವಿಶ್ವವಿದ್ಯಾಲಯದ ಸಂಶೋಧಕರು ಅದೇ ಚರ್ಚು ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸುವ ಯೋಜನೆ ಶುರು ಮಾಡಿದರು. ಇವತ್ತು ಮನೆಯಲ್ಲೇ ಕೂತು ಹುಡುಕಲು ಆಗುತ್ತಿದ್ದರೆ ಅದರಲ್ಲಿ ಅವರ ಪಾಲು ದೊಡ್ಡದು.

ಹಾಗಾದರೆ ತೊಡಕು ಎಲ್ಲಿ? ಮೊದಲನೆಯದು ‘ದಿ’ ಹೆಸರು. ಫ್ರೆಂಚ್‌ನಲ್ಲಿ ‘ಹೀಗೆ ಕರೆಯಲ್ಪಡುವ’ ಅಂತ. 1665ರಲ್ಲಿ ಇರೊಕ್ವಾ ಎಂಬ ಮೂಲನಿವಾಸಿ ಜನರ ವಿರುದ್ಧದ ಯುದ್ಧಕ್ಕೆ ಫ್ರಾನ್ಸಿನ ಕಾರಿನ್ಯಾನ್-ಸಾಲಿಯೇರ್ ರೆಜಿಮೆಂಟ್ ಬಂತು, ಸುಮಾರು 1,200 ಜನ. ಅವರಲ್ಲಿ ಸುಮಾರು 400 ಮಂದಿ ಅಲ್ಲೇ ನೆಲೆ ನಿಂತರು. ಸೈನಿಕರಿಗೆ ದಂಡಿನಲ್ಲಿ ಇನ್ನೊಂದು ಹೆಸರು ಇರುತ್ತಿತ್ತು: ಲಾಫ್ಲರ್ ಅಂದರೆ ಹೂವು, ಜೊಲಿಕರ್ ಅಂದರೆ ಒಳ್ಳೆಯ ಹೃದಯದವನು. ದಂಡು ಬಿಟ್ಟು ಹೊಲ ಉಳುವಾಗಲೂ ಆ ಹೆಸರು ಬಿಡಲಿಲ್ಲ. ಸೈನಿಕರಲ್ಲದವರಿಗೂ ಈ ರೂಢಿ ಬಂತು. ನಮ್ಮ ಹಳ್ಳಿಯಲ್ಲಿ ನಾಲ್ಕು ಜನ ರಾಮಣ್ಣ ಇದ್ದರೆ ಒಬ್ಬ ಗಡ್ಡದ ರಾಮಣ್ಣ, ಇನ್ನೊಬ್ಬ ತೋಟದ ರಾಮಣ್ಣ ಆಗುತ್ತಾನಲ್ಲ, ಹಾಗೆ. ನಿಕೋಲಾ ರಿವಾರ್, ರೊಬೇರ್ ರಿವಾರ್ ಎಂಬ ಅಣ್ಣತಮ್ಮಂದಿರು ಫ್ರಾನ್ಸಿನ ಪೆರ್ಶ್ ಸೀಮೆಯಿಂದ ಬಂದು ಕ್ವಿಬೆಕ್‌ನ ಬಾತಿಸ್ಕಾನ್‌ನಲ್ಲಿ ನೆಲೆಸಿದರು. ಒಬ್ಬ ‘ದಿ ಲಾವಿನ್ಯ್’, ಇನ್ನೊಬ್ಬ ‘ದಿ ಲೊರಾಂಜೆ’. ಇವರ ವಂಶದಲ್ಲಿ ಮುಂದೆ ಲಾನುವೆಟ್, ಡ್ಯುಫ್ರೇನ್, ಲಾಕುರ್ಸಿಯೇರ್ ಅಂತ ಇನ್ನೂ ಎಷ್ಟೋ ಹೆಸರುಗಳು ಹುಟ್ಟಿದವು. ಕಾಲಕ್ರಮೇಣ ‘ದಿ’ ಬಿದ್ದುಹೋಯಿತು. ಕೆಲವರು ಮೊದಲ ಹೆಸರು ಉಳಿಸಿಕೊಂಡರು, ಕೆಲವರು ಎರಡನೆಯದನ್ನು. ಹಾಗಾಗಿ ರಕ್ತಸಂಬಂಧಿಗಳ ಸರ್‌ನೇಮ್ ಬೇರೆ ಬೇರೆ ಆಯಿತು, ಸಂಬಂಧವೇ ಇಲ್ಲದ ಎರಡು ಕುಟುಂಬ ಲಾಫ್ಲರ್ ಅಂತ ಒಂದೇ ಹೆಸರಲ್ಲಿ ಉಳಿದವು.

ಕಾಗುಣಿತದ ಕಥೆ ಬೇರೆಯೇ. ಜಾನ್ ಗೀಯೋನ್ ಎಂಬ ಕಲ್ಲುಕೆಲಸದವನು 1634ರಲ್ಲಿ ಬಂದ. ಅವನ ವಂಶದಲ್ಲಿ ಗೀಯೋನ್ ಅನ್ನುವುದು ದಿಯೋನ್ ಆಯಿತು. ಗಾಯಕಿ ಸೆಲೀನ್ ದಿಯೋನ್ ಆ ವಂಶದವರೇ. ಫ್ರೆಂಚ್ ಅಂತ ಕಾಣುವ ಹೆಸರು ಫ್ರೆಂಚೇ ಆಗಿರಬೇಕಿಲ್ಲ. ಮಾಥಿಯಸ್ ಫಾರ್ನ್ಸ್‌ವರ್ತ್ ಎಂಬ ಇಂಗ್ಲಿಷ್ ಹುಡುಗನನ್ನು 1704ರಲ್ಲಿ ಮ್ಯಾಸಚೂಸೆಟ್ಸ್‌ನ ಗ್ರೋಟನ್‌ನಿಂದ ಸೆರೆ ಹಿಡಿದು ಮಾಂಟ್ರಿಯಲ್ ಕಡೆಗೆ ತಂದರು. ಅವನು ಅಲ್ಲೇ ಉಳಿದ, ಕ್ಯಾಥೊಲಿಕ್ ಆದ, ಮದುವೆಯಾದ. ಇವತ್ತಿನ ಫಾನೆಫ್ ಮನೆತನದವರು ಅವನ ಮಕ್ಕಳು ಮೊಮ್ಮಕ್ಕಳ ಸಂತಾನ. ಕೆನಡಾದ ಮೆಟಿ ಜನರ (ಮೂಲನಿವಾಸಿ ಮತ್ತು ಯುರೋಪಿಯನ್ ಮಿಶ್ರ ಸಮುದಾಯ) ನಾಯಕ ಲೂಯಿ ರಿಯೆಲ್‌ನ ಮೂಲಪುರುಷ ಐರ್ಲೆಂಡಿನ ಲಿಮೆರಿಕ್‌ನವನು. ಈ ಕುಟುಂಬಗಳವರು ತಮ್ಮ ಹೆಸರನ್ನು ಫ್ರಾನ್ಸಿನಲ್ಲಿ ಎಷ್ಟು ಹುಡುಕಿದರೂ ಸಿಗುವುದಿಲ್ಲ ಅಲ್ವಾ?

ಆಮೇಲೆ ಗಡಿ ದಾಟುವಿಕೆ. 1840ರಿಂದ 1930ರ ನಡುವೆ ಸುಮಾರು 9 ಲಕ್ಷ ಜನ ಕ್ವಿಬೆಕ್ ಬಿಟ್ಟು ಅಮೆರಿಕಕ್ಕೆ ಹೋದರು, ಅದರಲ್ಲೂ ಲೊವೆಲ್‌ನಂಥ ಬಟ್ಟೆ ಗಿರಣಿಯ ಊರುಗಳಿಗೆ. ಅಲ್ಲಿ ಹೆಸರನ್ನೇ ಇಂಗ್ಲಿಷಿಗೆ ಅನುವಾದಿಸಿಕೊಂಡು ಎಷ್ಟೋ ರುವಾ ಕುಟುಂಬಗಳು ಕಿಂಗ್ ಆದವು, ಬುವಾವೇರ್ ಗ್ರೀನ್‌ವುಡ್ ಆಯಿತು. ಇಂಥವರು ಮೊದಲು ಅಮೆರಿಕದ ಕಡೆಯ ಮದುವೆ, ಜನಗಣತಿ ದಾಖಲೆಗಳಿಂದ ಹಳೆ ಹೆಸರನ್ನು ಪತ್ತೆ ಮಾಡಿಕೊಳ್ಳಬೇಕು. ಕ್ವಿಬೆಕ್‌ನ ಪುಸ್ತಕ ತೆರೆಯುವುದು ಅದಾದ ಮೇಲೆ.

ಕೆರೊವಾಕ್‌ನ ಗಂಟು ಇದಕ್ಕಿಂತ ಬಿಗಿಯಾಗಿತ್ತು, ಯಾಕೆಂದರೆ ಮೂಲಪುರುಷನೇ ಸುಳ್ಳು ಹೇಳಿದ್ದ. ಅವನು 1732ರಲ್ಲಿ ಕ್ವಿಬೆಕ್‌ನ ಕಾಪ್-ಸೇಂಟ್-ಇಗ್ನಾಸ್‌ನಲ್ಲಿ ಲುಯಿಸ್ ಬೆರ್ನಿಯೇ ಎಂಬವಳನ್ನು ಮದುವೆಯಾದ, 1736ರಲ್ಲಿ ಕಾಮುರಾಸ್ಕಾದಲ್ಲಿ ಸತ್ತ. ಬದುಕಿದ್ದಷ್ಟು ದಿನ ಹೆಸರನ್ನು ಬದಲಿಸುತ್ತಲೇ ಇದ್ದ. 1990ರ ದಶಕದ ಕೊನೆಯ ಹೊತ್ತಿಗೆ ಬ್ರಿಟನಿಯ ವಂಶಾವಳಿ ಸಂಶೋಧಕಿ ಪಾಟ್ರೀಷಿಯಾ ದಾಜಿಯೇ, ಕೆರೊವಾಕ್ ಕುಟುಂಬಗಳ ಸಂಘದವರ ಜೊತೆಗೂಡಿ ನಿಜ ಹೆಸರು ಹೊರತೆಗೆದರು: ಉರ್ಬೆನ್-ಫ್ರಾನ್ಸ್ವಾ ಲೆ ಬಿಹಾನ್ ದ ಕೆರ್ವೊಆಕ್. ಬ್ರಿಟನಿಯ ಯುಎಲ್ಗೊವಾತ್ ಊರಿನ ನೋಟರಿ ಮನೆತನದ ಹುಡುಗ. ಮದುವೆಯೊಂದರಲ್ಲಿ ಕಳ್ಳತನದ ಆರೋಪ ಬಂದಿತ್ತು, ಆಮೇಲೆ ಸಮುದ್ರ ದಾಟಿದ್ದ. ಲೆಬ್ರಿ ಅನ್ನುವುದು ಅವನ ಮನೆತನದ ಹೆಸರೇ ಆಗಿರಲಿಲ್ಲ. ಜ್ಯಾಕ್ ಬ್ರೆಸ್ಟ್‌ನಲ್ಲಿ ಅದನ್ನೇ ಹಿಡಿದು ಅಲೆದಿದ್ದ ಅಂತ ಯೋಚಿಸಿದರೆ ಹೊಟ್ಟೆ ಚುರುಕ್ ಅನ್ನುತ್ತದೆ. ಅವನಿಗೆ ಗೊತ್ತಾಗುವ ದಾರಿಯೇ ಇರಲಿಲ್ಲ.

ಇನ್ನೊಂದು ಮಾತು ಹೇಳಲೇಬೇಕು. ಸರ್‌ನೇಮ್ ಹಿಡಿದು ಹೋದರೆ ಅಪ್ಪಂದಿರ ಸಾಲು ಮಾತ್ರ ಸಿಗುತ್ತದೆ. ಕ್ವಿಬೆಕ್‌ನಲ್ಲಿ ಅತಿ ಸಾಮಾನ್ಯ ಹೆಸರು ತ್ರಾಂಬ್ಲೇ. ಅವರೆಲ್ಲರ ಮೂಲ ಒಂದೇ ದಂಪತಿ, 1657ರಲ್ಲಿ ಮದುವೆಯಾದವರು. ಗಂಡ ಪಿಯೇರ್ ತ್ರಾಂಬ್ಲೇ ಪೆರ್ಶ್‌ನ ರಾಂಡೊನೇ ಊರಿನವನು. ಹೆಂಡತಿ ಒಜಾನ್ ಆಶೋನ್, ಲಾ ರೊಶೆಲ್ ಸುತ್ತಲಿನ ಸೀಮೆಯವಳು. ಪಾದ್ರಿಗಳು ಹೆಣ್ಣಿನ ಹೆಸರನ್ನು ಮದುವೆಯ ನಂತರವೂ ತವರಿನ ಹೆಸರಲ್ಲೇ ಬರೆಯುತ್ತಿದ್ದರು. 1663ರಿಂದ 1673ರ ನಡುವೆ ರಾಜನ ಖರ್ಚಿನಲ್ಲಿ ಬಂದ ಸುಮಾರು 770 ಹೆಣ್ಣುಮಕ್ಕಳನ್ನು ಇವತ್ತು ಒಬ್ಬೊಬ್ಬರಾಗಿ ಗುರುತಿಸಲು ಸಾಧ್ಯವಾಗಿದ್ದರಲ್ಲಿ ಈ ರೂಢಿಯ ಪಾಲೂ ಇದೆ. ಹುಡುಕಲು ಕೂರುವವರು ಅಪ್ಪನ ಸಾಲು ಎಲ್ಲಾದರೂ ನಿಂತುಹೋದರೆ ಅಮ್ಮನ ಸಾಲನ್ನು ಹಿಡಿಯಿರಿ. ಮದುವೆಯ ಅದೇ ಪುಟದಲ್ಲಿ ಅವಳ ಅಪ್ಪ ಅಮ್ಮನ ಹೆಸರೂ ಇರುತ್ತದೆ.