ಎರಡೂಕಾಲು ಲೀಟರಿನ ಪಂಚಮ

ಹುಣ್ಣಿಮೆಯ ದಿನ ಕೊಪ್ಪಳ ಜಿಲ್ಲೆಯ ಹುಲಿಗಿಗೆ ಹೋದರೆ ಹುಲಿಗೆಮ್ಮನ ಗುಡಿಯ ಸುತ್ತ ಎಲ್ಲಾದರೊಂದು ಕಡೆ ಚೌಡಿಕೆ ಕೇಳುತ್ತದೆ. ಕಟ್ಟಿಗೆಯ ಪುಟ್ಟ ಡೋಲಿನಂಥ ಕೊಳವೆ, ತಳಕ್ಕೆ ಬಿಗಿದ ಚರ್ಮ, ಆ ಚರ್ಮದ ನಡುವಿನಿಂದ ಹೊರಟು ಪಕ್ಕದ ಕೋಲಿನ ಬಿರಡೆಗೆ ಸುತ್ತಿದ ಒಂದೇ ಒಂದು ತಂತಿ. ಒಂದೇ ತಂತಿಯಿಂದ ಸ್ವರ ಏರುವುದು, ಇಳಿಯುವುದು ಹೇಗೆ ಎಂದು ಮಗಳು ಕೇಳಿದಳು. ತಂತಿ ಬಿಗಿಯಾದರೆ ಏರುತ್ತದೆ ಎಂದೆ. "ಎಷ್ಟು ಬಿಗಿಯಾದರೆ ಎಷ್ಟು ಏರುತ್ತದೆ ಅಪ್ಪಾ?" ಎಂದಳು. ಇದಕ್ಕೆ ಬಾಯಿಮಾತಿನ ಉತ್ತರ ಸಾಲುವುದಿಲ್ಲ.

ಕೊಪ್ಪಳದ ನಮ್ಮ ಮನೆಯ ಪಡಸಾಲೆಯಲ್ಲಿ ತೊಟ್ಟಿಲು ಕಟ್ಟುವ ಕೊಂಡಿ ಇನ್ನೂ ಇದೆ. ಮೊದಲು ಅದಕ್ಕೇ ನೇರವಾಗಿ ಒಂದು ತಂತಿ ಬಿಗಿದು, ಕೆಳಗೆ ನೀರಿನ ಕ್ಯಾನ್ ತೂಗುಹಾಕಿ ಮೀಟಿದೆವು. ತಂತಿ ನಡುಗುವುದು ಕಣ್ಣಿಗೆ ಕಾಣುತ್ತಿತ್ತು, ಕಿವಿಗೆ ಮಾತ್ರ ಏನೂ ಇಲ್ಲವೆನ್ನುವಷ್ಟು ಕ್ಷೀಣ. ಸಣ್ಣ ತಂತಿ ಗಾಳಿಯನ್ನು ತಳ್ಳಲಾರದು. ಮುಂದಿನ ಗಾಳಿ ಪಕ್ಕದಿಂದ ನುಸುಳಿ ಹಿಂದಕ್ಕೆ ಹೋಗಿಬಿಡುತ್ತದೆ. ಆಮೇಲೆ ಖಾಲಿ ಪೇಂಟ್ ಡಬ್ಬಿಯೊಂದನ್ನು ಹಿಡಿಕೆಯಿಂದ ಕೊಂಡಿಗೆ ತೂಗುಹಾಕಿದೆವು. ಅದರ ತಳದ ನಡುವೆ ಮೊಳೆಯಿಂದ ತೂತು ಹೊಡೆದು, ತಂತಿಯನ್ನು ಒಳಗೊಂದು ವಾಷರ್‌ಗೆ ಕಟ್ಟಿ ಕೆಳಕ್ಕೆ ಇಳಿಬಿಟ್ಟು, ತುದಿಗೆ ಅದೇ ಕ್ಯಾನ್ ತೂಗುಹಾಕಿದೆವು. ಈಗ ಮೀಟಿದರೆ ಅಡುಗೆಮನೆಯಿಂದ "ಏನದು?" ಎಂಬ ಕೂಗು ಬಂತು.

ಡಬ್ಬಿ ಸದ್ದನ್ನು ಹೆಚ್ಚಿಸುತ್ತದೆ ಎನ್ನುವುದು ರೂಢಿ. ನನಗೆ ಆ ಮಾತು ಅಷ್ಟು ಸರಿ ಕಾಣುವುದಿಲ್ಲ. ಬೆರಳು ಕೊಟ್ಟ ಶಕ್ತಿ ಎರಡು ಸಲವೂ ಅಷ್ಟೇ. ಬರಿಯ ತಂತಿ ಅದನ್ನು ಜಿಪುಣನಂತೆ ಖರ್ಚು ಮಾಡುತ್ತದೆ. ತಂತಿ ಎಡಕ್ಕೊಮ್ಮೆ, ಬಲಕ್ಕೊಮ್ಮೆ ಬಾಗಿದಾಗೆಲ್ಲ ಡಬ್ಬಿಯ ತಳವನ್ನು ಎಳೆಯುತ್ತದೆ, ಅಗಲವಾದ ಆ ತಗಡು ಗಾಳಿಯನ್ನು ದಂಡಿಯಾಗಿ ತಳ್ಳಿ ಆ ಶಕ್ತಿಯ ಗಂಟನ್ನು ಬೇಗ ಕರಗಿಸುತ್ತದೆ. ಹಾಗಾಗಿ ಡಬ್ಬಿಯ ನಾದ ಜೋರು, ಆಯುಸ್ಸು ಕಡಿಮೆ. ಡಬ್ಬಿಯ ಹಂಗೇ ಇಲ್ಲದೆ ನುಡಿಯುವ ವಸ್ತುಗಳೂ ಉಂಟು: ಬಳ್ಳಾರಿಯ ಸಂಗನಕಲ್ಲು–ಕಪ್ಪಗಲ್ಲು ಗುಡ್ಡದ ಡಾಲರೈಟ್ ಎಂಬ ಕಪ್ಪು ಕಲ್ಲಿನ ಬಂಡೆಗಳಲ್ಲಿ ಕೆಲವು, ಬಡಿದರೆ ಜಾಗಟೆಯಂತೆ ಮೊಳಗುತ್ತವೆ. ಬಂಡೆಯ ಮೈಯೇ ಅಗಲ. ಗಾಳಿಯನ್ನು ತಳ್ಳಲು ಇನ್ನೊಬ್ಬರ ನೆರವು ಬೇಡ.

ಇನ್ನು ಲೆಕ್ಕ. ಒಂದು ಲೀಟರ್ ನೀರು ಒಂದು ಕಿಲೋ ತೂಗುತ್ತದೆಯಾದ್ದರಿಂದ ತೂಕದ ಕಲ್ಲು ಹುಡುಕಬೇಕಿಲ್ಲ. ಖಾಲಿ ಕ್ಯಾನಿನ ತೂಕವನ್ನು ಮಾತ್ರ ಮೊದಲೇ ತಿಳಿದು, ಅಷ್ಟು ನೀರು ಕಡಿಮೆ ಹಾಕಬೇಕು. ಒಟ್ಟು 1 ಕಿಲೋ ತೂಗಿದಾಗ ಬಂದ ಸ್ವರವನ್ನು 'ಸ', ಅಂದರೆ ಷಡ್ಜ ಎಂದುಕೊಂಡೆವು. ಮೇಲಿನ 'ಸ' ಬರಬೇಕಾದರೆ ಕಂಪನ, ಅಂದರೆ ತಂತಿ ಸೆಕೆಂಡಿಗೆ ಎಷ್ಟು ಸಲ ನಡುಗುತ್ತದೆ ಎಂಬುದು, ಇಮ್ಮಡಿಯಾಗಬೇಕು. ಭಾರವೂ ಇಮ್ಮಡಿ ಸಾಕು ಎಂದು ಮಗಳು 2 ಕಿಲೋ ಮಾಡಿದಳು. ಹಾರ್ಮೋನಿಯಂ ಮನೆಯೊತ್ತಿ ನೋಡಿದರೆ ಅದು ಮಧ್ಯಮ (ಮ), ಪಂಚಮ (ಪ) ಇವೆರಡರ ನಡುವೆ, ತೀವ್ರ ಮಧ್ಯಮದಲ್ಲಿ ನಿಂತಿತ್ತು! ಮೇಲಿನ ಷಡ್ಜಕ್ಕೆ 4 ಕಿಲೋ ಬೇಕಾಯಿತು. ಕಂಪನ ಏರುವುದು ಭಾರದ ವರ್ಗಮೂಲದಂತೆ. ಫ್ರಾನ್ಸಿನ ಪಾದ್ರಿ ಮರಿನ್ ಮೆರ್ಸೆನ್ 1636ರಲ್ಲಿ ಪ್ರಕಟಿಸಿದ ನಿಯಮವಿದು. ಪಂಚಮದ ಕಂಪನ ಷಡ್ಜದ ಒಂದೂವರೆ ಪಟ್ಟು. ಒಂದೂವರೆಯನ್ನು ಒಂದೂವರೆಯಿಂದ ಗುಣಿಸಿದರೆ 2.25. ಎರಡೂಕಾಲು ಕಿಲೋ ತೂಗಿ ಮೀಟಿದಾಗ ಪಂಚಮ ಸರಿಯಾಗಿ ಕೂತಿತು.

ಇದೆಲ್ಲ ಉಕ್ಕಿನ ತಂತಿಯ ಮಾತು. ಅದಕ್ಕೂ ಮೊದಲು ಮೀನು ಹಿಡಿಯುವ ಗಾಳದ ನೈಲಾನ್ ದಾರ ಕಟ್ಟಿ ಬೇಸ್ತು ಬಿದ್ದಿದ್ದೆವು. ಭಾರ ಏರಿದಂತೆ ದಾರ ಹಿಗ್ಗುತ್ತದೆ, ಉದ್ದ ಹೆಚ್ಚಿದಷ್ಟು ಸ್ವರ ತಗ್ಗುತ್ತದೆ. ಮೇಲಿನ ಷಡ್ಜ ಪ್ರತಿ ಸಲವೂ ಕೊಂಚ ಕೆಳಗೇ ಉಳಿಯುತ್ತಿತ್ತು. ಕೊನೆಗೆ ಗಂಟು ಜಾರಿ ಕ್ಯಾನ್ ಬಿದ್ದು ಪಡಸಾಲೆ ತೊಯ್ದುಹೋಯಿತು. ಮಾಡಿ ನೋಡುವವರು ಕ್ಯಾನನ್ನು ನೆಲದಿಂದ ನಾಲ್ಕು ಬೆರಳಿನಷ್ಟೇ ಮೇಲಿಡಲಿ, ಕಾಲು ದೂರವಿರಲಿ.

ನಲ್ಲಿ ಇರುವ ಕ್ಯಾನ್ ಆದರೆ ಇನ್ನೊಂದು ಆಟವಿದೆ. ತುಂಬ ನೀರು ಹಾಕಿ, ಕೆಳಗೆ ಅಗಲವಾದ ತಟ್ಟೆ ಇಟ್ಟು, ನಲ್ಲಿ ತಿರುಗಿಸಿ ತಂತಿಯನ್ನು ಮೀಟುತ್ತಲೇ ಇರಬೇಕು. ನೀರು ಇಳಿದಂತೆ ಸ್ವರವೂ ಮೆಲ್ಲಗೆ ಜಾರುತ್ತ ಇಳಿಯುತ್ತದೆ, ಹುಲಿಗಿಯಲ್ಲಿ ಚೌಡಿಕೆಯ ತಂತಿ ಸಡಿಲಗೊಂಡಾಗ ಜಾರಿದ ಹಾಗೆಯೇ. ಮಗಳು ಇದನ್ನು ಒಂದೇ ಸಂಜೆ ಏಳು ಸಲ ಮಾಡಿದಳು.